ಕನ್ನಡಿಗೆ ಮುಂಚೆ ಊಟದ ಮೇಜು

ದಂತವೈದ್ಯದ ಶಾಖೆಗಳಲ್ಲಿ ಕಟ್ಟುಹಲ್ಲಿನ ಶಾಖೆಗೆ ಅಂಥ ಮೆರುಗೇನೂ ಇಲ್ಲ. ಸೊಟ್ಟ ಹಲ್ಲುಗಳನ್ನು ಸಾಲಿಗೆ ತಂದವರನ್ನು ಹುಡುಗ ಹುಡುಗಿಯರು ಫೋಟೋ ತೆಗೆಸಿಕೊಂಡಾಗಲೆಲ್ಲ ನೆನೆಯುತ್ತಾರೆ. ಕೀಳಬೇಕಾಗಿದ್ದ ಹಲ್ಲನ್ನು ಉಳಿಸಿಕೊಟ್ಟವರನ್ನು ಜನ ಬಾಯ್ತುಂಬ ಹರಸುತ್ತಾರೆ. ಆದರೆ ಬೋಳು ಬಾಯಲ್ಲಿ ಬಂದ ಹಿರಿಯರಿಗೆ ಮೇಲೊಂದು ಕೆಳಗೊಂದು ಸೆಟ್ಟು ಕಟ್ಟಿಕೊಟ್ಟ ವೈದ್ಯರ ನೆನಪಾಗುವುದು ಆ ಸೆಟ್ಟು ಚುಚ್ಚಿದಾಗ ಮಾತ್ರ. ಇಂಥ ಶಾಖೆಯನ್ನು ತಾವಾಗಿಯೇ ಆರಿಸಿಕೊಂಡು, ಮೂರು ದಶಕಗಳಿಗೂ ಮೀರಿ ಅದರಲ್ಲೇ ದುಡಿದು, ಹಲ್ಲಿನ ಮೊದಲ ಕೆಲಸ ಊಟ, ನಗು ಆಮೇಲಿನದು ಎಂಬುದನ್ನು ರೋಗಿಗಳಿಗೂ ವಿದ್ಯಾರ್ಥಿಗಳಿಗೂ ಒಂದೇ ಹದದಲ್ಲಿ ಕಲಿಸಿದ ನಮ್ಮ ಮೇಷ್ಟ್ರು ಈ ವರ್ಷ ನಿವೃತ್ತರಾಗಿದ್ದಾರೆ. ಅವರ ಶಿಷ್ಯೆಯಾಗಿ ಕಲಿತು, ಅದೇ ವಿಭಾಗದಲ್ಲಿ ಅವರ ಕೈಕೆಳಗೆ ಅಧ್ಯಾಪಕಿಯಾದ ಈ ಲೇಖಕಿಗೆ ಅವರ ಅಭಿನಂದನ ಸಂಪುಟದಲ್ಲಿ ಅವರನ್ನು ಕುರಿತು ಬರೆಯುವ ಭಾಗ್ಯ ಒದಗಿದೆ. ಹೊಗಳುವಾಗ ಕೊಂಚ ಕಾಲೆಳೆಯುವ ಹಕ್ಕನ್ನೂ ಅವರೇ ನಮಗೆ ಕೊಟ್ಟಿದ್ದಾರೆಂಬ ಧೈರ್ಯದ ಮೇಲೆ ಇಷ್ಟನ್ನು ಬರೆಯಲಾಗಿದೆ.

ಹೊಸ ವಿದ್ಯಾರ್ಥಿಗಳ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಮೇಷ್ಟ್ರಲ್ಲ, ಅವರ ಮೇಜು. ಅಚ್ಚು ತೆಗೆಯುವ ಗಾರೆಪುಡಿಯ ಧೂಳು, ಕರಗಿದ ಮೇಣದ ವಾಸನೆ, ಸಾಲು ಕುರ್ಚಿಗಳು, ಅವುಗಳ ತಲೆಯ ಮೇಲೆ ದೀಪಗಳು, ಇವೆಲ್ಲ ಇರಬೇಕಾದಂತೆಯೇ ಇದ್ದ ಆ ಉದ್ದನೆಯ ಕೋಣೆಯ ಕೊನೆಗೆ, ಕಿಟಕಿಯ ಪಕ್ಕದಲ್ಲಿ, ಹೂವಿನ ಚಿತ್ತಾರದ ಪ್ಲಾಸ್ಟಿಕ್ ಹಾಸು ಹೊದ್ದ ಒಂದು ಊಟದ ಮೇಜು. ಅದರ ಮೇಲೆ ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಹುರಿದ ಕಡಲೆಕಾಯಿ ಬೀಜ, ಸೇಬು, ಕ್ಯಾರೆಟ್ಟು. ಪಕ್ಕದಲ್ಲಿ ಕೈತೊಳೆಯುವ ತೊಟ್ಟಿ. ಮೇಷ್ಟ್ರಿಗೆ ಕ್ಯಾರೆಟ್ ಸರ್ ಎಂಬ ಹೆಸರು ಯಾವ ಬ್ಯಾಚಿನವರು ಇಟ್ಟರೋ ತಿಳಿಯದು. ಅದು ಅವರ ಕಿವಿಗೆ ಬಿದ್ದಾಗ ಅವರು ಬೇಸರಪಡುವ ಬದಲು, "ಸದ್ಯ, ಆಲೂಗಡ್ಡೆ ಸರ್ ಅನ್ಲಿಲ್ವಲ್ಲ" ಎಂದು ಸಮಾಧಾನಪಟ್ಟುಕೊಂಡರು.

ಬೇರೆಡೆಗಳಲ್ಲಿ ಹಲ್ಲಿನ ಸೆಟ್ಟು ಸಿದ್ಧವಾದ ದಿನ ರೋಗಿಯ ಬಾಯಿಗೆ ಅದನ್ನು ಕೂರಿಸಿ, ಕೈಗೊಂದು ಕನ್ನಡಿ ಕೊಟ್ಟು, ಚೆನ್ನಾಗಿದೆಯೇ ಎಂದು ಕೇಳಿ ಕಳಿಸುವುದು ವಾಡಿಕೆ. ಮೇಷ್ಟ್ರ ವಿಭಾಗದಲ್ಲಿ ಕನ್ನಡಿ ಬೀರುವಿನೊಳಗಿರುತ್ತಿತ್ತು. ಸೆಟ್ಟು ಹಾಕಿಕೊಂಡವರು ಮೊದಲು ಮೇಜಿಗೆ ಬಂದು ಕೂರಬೇಕು. ಮೊದಲ ಸಲ ಬಾಳೆಹಣ್ಣು, ಆಲೂಗಡ್ಡೆ. ಮುಂದಿನ ಸಲ ಬ್ರೆಡ್ಡಿನ ಅಂಚು. ಒಗ್ಗಿದ ಮೇಲೆ ಸೇಬು. ಕ್ಯಾರೆಟ್ಟು ದಾಟಿದವರಿಗೆ ಕನ್ನಡಿ. ರೋಗಿ ತಿನ್ನುವಾಗ ಎದುರಿಗೆ ನಿಂತು ನೋಡುವುದು ಅಸಭ್ಯವೆಂದು ಮೇಷ್ಟ್ರು ತಮ್ಮ ಡಬ್ಬಿಯನ್ನೂ ತಂದು ಅಲ್ಲೇ ಕೂತು ಉಣ್ಣುತ್ತಿದ್ದರು. ಹಾಗೆ ಉಣ್ಣುತ್ತಲೇ, ಪಾಠವೆಂದು ಗೊತ್ತಾಗದಂತೆ, ಪಾಠ ಹೇಳುತ್ತಿದ್ದರು.

ಆ ಪಾಠದಲ್ಲಿ ದೊಡ್ಡ ಸಂಗತಿಗಳೇನೂ ಇರಲಿಲ್ಲ. ಕೂತು ಉಣ್ಣಿ; ನಿಂತು ತಿಂದದ್ದು ಹೊಟ್ಟೆಗೂ ತಿಳಿಯುವುದಿಲ್ಲ, ನಾಲಗೆಗೂ ತಿಳಿಯುವುದಿಲ್ಲ ಎನ್ನುತ್ತಿದ್ದರು. ತುತ್ತು ಚಿಕ್ಕದಿರಲಿ, ಎರಡೂ ಕಡೆ ಅಗಿಯಿರಿ. ಹಲ್ಲು ಹೋಯಿತೆಂದು ಹಣ್ಣು ತರಕಾರಿಗೆ ರಾಜೀನಾಮೆ ಕೊಡಬೇಡಿ, ಸಣ್ಣಗೆ ಹೆಚ್ಚಿಕೊಂಡರೆ ಆಯಿತು. ಬರೀ ಗಂಜಿ, ಬರೀ ಬಿಸ್ಕತ್ತು, ಬರೀ ಟೀ ಎಂದು ಬದುಕಿದರೆ ಬದುಕೂ ಅಷ್ಟೇ ಸಪ್ಪೆಯಾದೀತು. ದಿನಕ್ಕೆ ಒಂದು ಹೊತ್ತಾದರೂ ಯಾರ ಜೊತೆಗಾದರೂ ಕೂತು ಉಣ್ಣಿ. ಕಟ್ಟಕಡೆಯದನ್ನು ಮಾತ್ರ ಅವರು ಚಮಚ ಕೆಳಗಿಟ್ಟು ಹೇಳುತ್ತಿದ್ದರು: ನೋವಾದರೆ ಹೇಳಿ, ನನಗೆ ಬೇಜಾರಾಗುತ್ತದೆಂದು ಮುಚ್ಚಿಡಬೇಡಿ.

ಹೇಳಿದ್ದನ್ನು ತಾವೂ ಪಾಲಿಸುವವರು ಎಷ್ಟು ಜನ ಸಿಕ್ಕಾರು. ನಮ್ಮ ಮೇಷ್ಟ್ರು ಪಾಲಿಸಿದರು, ಮತ್ತು ಅದರಿಂದ ನಮಗೆಲ್ಲ ಸಾಕುಸಾಕಾಯಿತು. ಅವರ ಜೊತೆ ಊಟಕ್ಕೆ ಕೂತವರ ಮಧ್ಯಾಹ್ನದ ಕೆಲಸ ಕೈಬಿಟ್ಟಂತೆಯೇ ಲೆಕ್ಕ. ನಾವು ಗಬಗಬನೆ ತಿಂದು ಕೈತೊಳೆದು ಬಂದರೆ ಅವರಿನ್ನೂ ಅರ್ಧದಲ್ಲಿರುತ್ತಿದ್ದರು. ಕಾಲೇಜಿನ ಆಡಳಿತ ಸಭೆಯೊಂದರಲ್ಲಿ ಊಟದ ಜೊತೆಗೇ ಚರ್ಚೆ ನಡೆದು, ನಿರ್ಣಯವಾಗಿ, ಎಲ್ಲರೂ ಸಹಿ ಹಾಕಿ ಎದ್ದ ಮೇಲೂ ಇವರು ಹಣ್ಣಿನ ತಟ್ಟೆಯನ್ನು ಮುಂದಿಟ್ಟುಕೊಂಡಿದ್ದನ್ನು ಇಂದಿಗೂ ಹೇಳಿಕೊಂಡು ನಗುತ್ತಾರೆ. ಅವರ ತಟ್ಟೆಗಿಂತ ತಡವಾಗಿ ಖಾಲಿಯಾದ ತಟ್ಟೆಯನ್ನು ನಮ್ಮ ಕಾಲೇಜು ಕಂಡದ್ದಿಲ್ಲ.

ಆ ಮೇಜು ಅಲ್ಲಿಗೆ ಬಂದ ಬಗೆಯನ್ನು ಮೇಷ್ಟ್ರು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತಿದ್ದರು. ಹೇಳುವಾಗ ಅವರ ದನಿಯಲ್ಲಿ ತಮಾಷೆ ಇರುತ್ತಿರಲಿಲ್ಲ.

ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ಅವರನ್ನು ಸಾಕಿದವರು ಅವರ ಅಕ್ಕ. ತಮ್ಮನಿಗೆ ಸೇಬು ಹೆಚ್ಚಿಕೊಟ್ಟು, ತಾನು ಸಿಪ್ಪೆಗೆ ಅಂಟಿದ್ದನ್ನು ತಿಂದು, ಹಾಲು ಸಾಲದಿದ್ದ ದಿನ ತನಗೆ ಹಾಲೇ ಸೇರುವುದಿಲ್ಲವೆಂದು ಹೇಳಿದ ಹೆಣ್ಣುಮಗಳು. ಮದುವೆಯಾಗಿ ಮಕ್ಕಳಾದ ಮೇಲೂ ಅದೇ ರೂಢಿ, ಎಲ್ಲರಿಗೂ ಬಡಿಸಿ ಕೊನೆಗೆ ಒಲೆಯ ಮುಂದೆ ನಿಂತು ಉಣ್ಣುವುದು. ತಮ್ಮನು ಓದು ಮುಗಿಸಿ ದಂತವೈದ್ಯನಾಗಿ ವಿಭಾಗಕ್ಕೆ ಕಾಲಿಡುವ ಹೊತ್ತಿಗೆ ನಡುವಯಸ್ಸಿನ ಅಕ್ಕನ ಬಾಯಿ ಬರಿದಾಗಿತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಷ್ಟ್ರು ಕಟ್ಟಿದ ಮೊದಲ ಪೂರ್ತಿ ಸೆಟ್ಟು ಅಕ್ಕನದು. ರಜೆಯ ದಿನಗಳಲ್ಲೂ ಕೂತು, ಹಳೆಯ ಫೋಟೋ ಎದುರಿಗಿಟ್ಟುಕೊಂಡು, ಮುಂದಿನ ಎರಡು ಹಲ್ಲುಗಳ ನಡುವೆ ಮೊದಲಿದ್ದ ಸಣ್ಣ ಸಂದನ್ನೂ ಬಿಡದೆ ಅವರು ಅದನ್ನು ಕಟ್ಟಿದರು. ಕನ್ನಡಿ ಕೊಟ್ಟಾಗ ಅಕ್ಕ ಬಹಳ ಹೊತ್ತು ನೋಡಿಕೊಂಡು, "ನಂಗೆ ಮತ್ತೆ ನನ್ನ ಮುಖ ಕೊಟ್ಟೆ ಕಣೋ" ಎಂದರು. ಮಗಳ ಮದುವೆಯ ಫೋಟೋಗಳಲ್ಲಿ ಅಕ್ಕ ಎಲ್ಲರಿಗಿಂತ ಅಗಲವಾಗಿ ನಕ್ಕಿದ್ದರು. ಆ ಫೋಟೋವನ್ನು ದೊಡ್ಡದು ಮಾಡಿಸಿ ಮೇಷ್ಟ್ರು ವಿಭಾಗದ ಗೋಡೆಗೆ ಹಾಕಿದರು. ಹಿರಿಯರು ಬೆನ್ನು ತಟ್ಟಿದರು, ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ವರ್ಷ ಕಳೆಯುವುದರೊಳಗೆ ಅಕ್ಕ ಸೊರಗತೊಡಗಿದರು. ತಲೆಸುತ್ತು, ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಕಡಿಮೆಯಾಗಿದೆ, ಸೊಪ್ಪು ತರಕಾರಿ ಬೇಳೆ ಚೆನ್ನಾಗಿ ತಿನ್ನಬೇಕೆಂದರು ವೈದ್ಯರು. "ತಿಂತಾನೇ ಇದ್ದೀನಲ್ಲ" ಎಂದರು ಅಕ್ಕ. ಒಂದು ಮಧ್ಯಾಹ್ನ ಮೇಷ್ಟ್ರು ಹೇಳದೆ ಕೇಳದೆ ಅವರ ಮನೆಗೆ ಹೋದರು. ಮುಂಬಾಗಿಲು ಹಾಕಿತ್ತು, ಸುತ್ತಿ ಬಂದು ಹಿತ್ತಲ ಬಾಗಿಲಿಂದ ಒಳಗೆ ಕಾಲಿಟ್ಟರು. ಅಕ್ಕ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಟೀಯಲ್ಲಿ ಬ್ರೆಡ್ಡು ಅದ್ದಿ ನುಂಗುತ್ತಿದ್ದರು. ತಮ್ಮನು ಕಟ್ಟಿದ ಹಲ್ಲುಗಳು ಕಿಟಕಿಯ ಕಟ್ಟೆಯ ಮೇಲೆ ಒಂದು ಲೋಟ ನೀರಿನಲ್ಲಿದ್ದವು.

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ತಿರುಗಿದರು.

"ಯಾವಾಗಿಂದ ಹೀಗೆ?" ಎಂದು ಕೇಳಿದರು ಮೇಷ್ಟ್ರು.

"ಹೊರಗೆ ಹೋದಾಗ ಹಾಕ್ಕೋತೀನಲ್ಲೋ. ಚೆನ್ನಾಗಿ ಕಾಣುತ್ತೆ ಅಂತ ಎಲ್ಲಾರೂ ಹೇಳ್ತಾರೆ."

"ತಿನ್ನೋಕೆ?"

"ತಿನ್ನೋಕೆ ಸ್ವಲ್ಪ ಕಷ್ಟ. ನೀನು ಅಷ್ಟು ಆಸೆಯಿಂದ ಮಾಡಿದ್ದು, ಹೇಗಪ್ಪಾ ಹೇಳೋದು."

ಅಂದು ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ತಮಗೆ ತಮ್ಮ ಕೈಗಳನ್ನು ಜೇಬಿನಿಂದ ಹೊರಗೆ ತೆಗೆಯಲು ನಾಚಿಕೆಯಾಗುತ್ತಿತ್ತು ಎಂದು ಮೇಷ್ಟ್ರು ಹೇಳುತ್ತಿದ್ದರು. ಅಚ್ಚು ತೆಗೆದಿದ್ದರು, ಅಳತೆ ನೋಡಿದ್ದರು, ಕನ್ನಡಿ ಹಿಡಿದಿದ್ದರು. ಅಕ್ಕ ಒಂದು ತುತ್ತು ತಿನ್ನುವುದನ್ನು ಮಾತ್ರ ನೋಡಿರಲಿಲ್ಲ. ಮರುದಿನ ಗೋಡೆಯ ಮೇಲಿನ ಫೋಟೋ ಇಳಿಯಿತು. ಅದೇ ವಾರ, ಪ್ರಯೋಗಾಲಯದವರು ಬೇಡವೆಂದು ಹೊರಗೆ ಹಾಕಿದ್ದ ಹಳೆಯ ಮೇಜು ಕಿಟಕಿಯ ಪಕ್ಕಕ್ಕೆ ಬಂತು.

ಅಂದಿನ ವಿಭಾಗದ ಮುಖ್ಯಸ್ಥರು ಮೇಜನ್ನೂ ಅದರ ಮೇಲಿನ ಬಾಳೆಹಣ್ಣನ್ನೂ ನೋಡಿ, "ಇದೇನ್ರೀ, ದಂತ ವಿಭಾಗವೋ ಕ್ಯಾಂಟೀನೋ?" ಎಂದು ಕೇಳಿದರಂತೆ. "ಕ್ಯಾಂಟೀನಲ್ಲಿ ಕೂತು ತಿನ್ನೋಕೆ ಆಗೋರು ನಮ್ಮ ಹತ್ರ ಬರಲ್ಲ ಸರ್" ಎಂದರಂತೆ ಇವರು. ಮುಖ್ಯಸ್ಥರು ಗೊಣಗಿದರೇ ಹೊರತು ಮೇಜನ್ನು ಎತ್ತಿಸಲಿಲ್ಲ. ಆ ಉಪಕಾರವನ್ನು ಮೇಷ್ಟ್ರು ಎಂದೂ ಮರೆಯಲಿಲ್ಲ. ಆ ಮುಖ್ಯಸ್ಥರೇ ನಿವೃತ್ತರಾಗಿ ಎಷ್ಟೋ ವರ್ಷಗಳ ಮೇಲೆ ತಮ್ಮ ಕಟ್ಟುಹಲ್ಲಿಗಾಗಿ ಬಂದು, ಅದೇ ಮೇಜಿನಲ್ಲಿ ಕೂತು, ಸೀಬೆಹಣ್ಣಿನ ಹೋಳು ಬಾಯಿಗಿಟ್ಟುಕೊಂಡು, "ಉಪ್ಪು ಖಾರ ಇಟ್ಟಿಲ್ವೇನಯ್ಯಾ" ಎಂದು ಕೇಳಿದ ದಿನ ಈ ಲೇಖಕಿ ಅಲ್ಲೇ ಇದ್ದಳು. ಮರುದಿನದಿಂದ ಮೇಜಿನ ಮೇಲೆ ಉಪ್ಪು ಖಾರದ ಡಬ್ಬಿಯೂ ಬಂತು.

ಮೇಷ್ಟ್ರ ಉಪಕಾರಗಳನ್ನು ಒಂದೊಂದಾಗಿ ಬರೆಯಹೊರಟರೆ ಈ ಸಂಪುಟ ಸಾಲದು. ಅಂತಿಮ ವರ್ಷದ ಮೌಖಿಕ ಪರೀಕ್ಷೆಗೆ ನಡುಗುತ್ತ ಬಂದ ಒಬ್ಬ ವಿದ್ಯಾರ್ಥಿನಿಯನ್ನು ಅವರು ಕೇಳಿದ ಮೊದಲ ಪ್ರಶ್ನೆ, "ತಿಂಡಿ ಆಯ್ತಾ?" ಆಗಿಲ್ಲವೆಂದು ತಿಳಿದಾಗ, "ಖಾಲಿ ಹೊಟ್ಟೆಯ ಉತ್ತರಕ್ಕೆ ನಾನು ಅಂಕ ಕೊಡಲ್ಲ, ಹೋಗಿ ತಿಂದು ಬನ್ನಿ" ಎಂದು ಮೇಜಿನ ಕಡೆ ಕೈ ತೋರಿಸಿದರು. ಬ್ರೆಡ್ಡು, ಬಾಳೆಹಣ್ಣು ತಿಂದು ಬಂದ ಅವಳು ಉತ್ತರಗಳನ್ನೂ ಹೇಳಿದಳು, ಪಾಸೂ ಆದಳು, ಈಗ ಈ ಲೇಖನವನ್ನೂ ಬರೆಯುತ್ತಿದ್ದಾಳೆ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಒಲೆಯನ್ನೇ ಹಚ್ಚದಿದ್ದ ಒಬ್ಬ ದರ್ಜಿ ಸೆಟ್ಟು ಸಡಿಲವೆಂಬ ನೆಪ ಮಾಡಿಕೊಂಡು ವಾರವಾರವೂ ಬರುತ್ತಿದ್ದರು. ಸೆಟ್ಟು ಸಡಿಲವಿಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತು. ಅವರು ಅದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಸುಮ್ಮನೆ ಒರೆಸಿಕೊಟ್ಟು, "ಒಂದು ಸಲ ಊಟ ಮಾಡಿ ನೋಡೋಣ ಬನ್ನಿ" ಎನ್ನುತ್ತಿದ್ದರು. ಕೆಲವು ತಿಂಗಳ ಮೇಲೆ ದರ್ಜಿಯೇ ತಾವು ಮಾಡಿದ ಪಲ್ಯವನ್ನು ಡಬ್ಬಿಯಲ್ಲಿ ತಂದು ಮೇಷ್ಟ್ರಿಗೆ ಬಡಿಸಿದರು. ಉಪ್ಪು ಜಾಸ್ತಿಯಾಗಿತ್ತು, ಮೇಷ್ಟ್ರು ಅದನ್ನೂ ನಿಧಾನವಾಗಿಯೇ ತಿಂದರು.

ಇಷ್ಟೆಲ್ಲ ಜನರನ್ನು ಊಟಕ್ಕೆ ಕೂರಿಸಿದ ಮೇಷ್ಟ್ರಿಗೆ ಒಬ್ಬರನ್ನು ಕೂರಿಸಲಾಗಲಿಲ್ಲ. ಅಕ್ಕನಿಗೆ ಅವರು ಎರಡನೆಯ ಸೆಟ್ಟು ಕಟ್ಟಿದರು, ವರ್ಷಗಳ ಮೇಲೆ ಮೂರನೆಯದನ್ನೂ ಕಟ್ಟಿದರು. ಪ್ರತಿ ಸಲವೂ ಅಕ್ಕ ಚೆನ್ನಾಗಿದೆ ಎಂದರು. ವಸಡನ್ನು ಒತ್ತಿ ನೋವಿದೆಯೇ ಎಂದು ಕೇಳಿದರೆ ಇಲ್ಲವೆಂದರು, ನೋಡಿದರೆ ಎಲ್ಲೂ ಕೆಂಪಾಗಿರುತ್ತಿರಲಿಲ್ಲ. ವಿಭಾಗದ ಮೇಜಿಗೆ ಕರೆದರೆ, "ಅಷ್ಟು ಜನರ ಮುಂದೆ ತಿನ್ನೋಕೆ ನಂಗೆ ನಾಚಿಕೆಯಪ್ಪ" ಎಂದು ತಪ್ಪಿಸಿಕೊಂಡರು. ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋದಾಗ ತಮ್ಮನಿಗಾಗಿ ಜೊತೆಗೆ ಕೂತು, ತುತ್ತನ್ನು ಕೆನ್ನೆಯಿಂದ ಕೆನ್ನೆಗೆ ಹೊರಳಿಸಿ, ಅಗಿದಂತೆ ಮಾಡಿ, ನೀರು ಕುಡಿದು ನುಂಗುತ್ತಿದ್ದರು. ಊರಿನ ಬಾಯಿಗಳನ್ನೆಲ್ಲ ನೋಡಿದ ಕಣ್ಣಿಗೆ ಅದು ಕಾಣದೆ ಇದ್ದೀತೇ? ಕಂಡರೂ ಮೇಷ್ಟ್ರು ಸುಮ್ಮನಿರುತ್ತಿದ್ದರು. ಅಕ್ಕ ಸುಳ್ಳು ಹೇಳುತ್ತಿರುವುದು ತಮ್ಮ ಮೇಲಿನ ಪ್ರೀತಿಗೆ ಎಂದು ಗೊತ್ತಿದ್ದುದರಿಂದಲೇ ಅವರ ಬಾಯಿ ಕಟ್ಟಿಹೋಗಿತ್ತು. ಅಕ್ಕ ಮಾತ್ರ ವರ್ಷದಿಂದ ವರ್ಷಕ್ಕೆ ಹಗುರಾಗುತ್ತಿದ್ದರು. "ಅವಳನ್ನು ಒಂದು ಸಲ ಹೊಟ್ಟೆ ತುಂಬಾ ಅಗಿದು ತಿನ್ನೋ ಹಾಗೆ ಮಾಡಿದ್ರೆ ನಂದು ಕೆಲಸ ಆಯ್ತು ಅನ್ಕೋತೀನಿ" ಎಂದು ನಿವೃತ್ತಿಯ ವರ್ಷದಲ್ಲಿ ಅವರು ಹೇಳಿದ್ದು ಈ ಲೇಖಕಿಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಕೊನೆಯ ದಿನದ ಬೀಳ್ಕೊಡುಗೆಗೆ ಅಕ್ಕನನ್ನು ಕರೆಯಲು ಈ ಲೇಖಕಿಯೇ ಅವರ ಮನೆಗೆ ಹೋದಳು. ಅಕ್ಕ ಟೀ ಮಾಡಿಕೊಟ್ಟರು, ಬಿಸ್ಕತ್ತು ಇಟ್ಟರು, ತಾವು ನಿಂತೇ ಇದ್ದರು. ಮಾತಿನ ನಡುವೆ ಇವಳು, "ಪ್ರತಿ ವರ್ಷ ಮೊದಲನೇ ಕ್ಲಾಸಲ್ಲಿ ಸರ್ ನಿಮ್ಮ ಕಥೆನೇ ಹೇಳೋದು ಅಮ್ಮ" ಎಂದಳು. ಅದು ಅಕ್ಕನಿಗೆ ತಿಳಿದಿರಲಿಲ್ಲ.

"ನನ್ನ ಕಥೆನಾ? ಏನಂತ?"

"ಮೊದಲನೇ ಸೆಟ್ಟಲ್ಲಿ ನಿಮಗೆ ತಿನ್ನೋಕೆ ಆಗ್ತಿರಲಿಲ್ಲ ಅಂತ. ಅದಕ್ಕೇ ಆ ಮೇಜು ಹಾಕಿದ್ದು ಅಂತ."

ಅಕ್ಕ ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕೂತರು. "ಅವನಿಗೆ ಬೇಜಾರಾಗಬಾರದು ಅಂತ ನಾನು ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ ಕಣಮ್ಮ."

"ನೀವು ಹೇಳದೆ ಇರೋದೇ ಅಮ್ಮ ಅವರಿಗೆ ಬೇಜಾರು."

ಅಕ್ಕ ಎದ್ದರು. ಟೀ ಲೋಟ ತೊಳೆದಿಟ್ಟು, "ಎಷ್ಟೊತ್ತಿಗೆ ಬರಬೇಕು?" ಎಂದಷ್ಟೇ ಕೇಳಿದರು.

ಬೀಳ್ಕೊಡುಗೆಯ ದಿನ ಸಭಾಂಗಣದಲ್ಲಿ ಜನ ಸೇರುತ್ತಿದ್ದರು, ಮೇಷ್ಟ್ರು ಮಾತ್ರ ವಿಭಾಗದಲ್ಲಿ ಕೊನೆಯ ರೋಗಿಯನ್ನು ಕಳಿಸಿ ಕೈತೊಳೆಯುತ್ತಿದ್ದರು. ಅಕ್ಕ ಒಳಗೆ ಬಂದವರೇ ನೇರವಾಗಿ ಕಿಟಕಿಯ ಕಡೆಗೆ ನಡೆದು ಮೇಜಿಗೆ ಕೂತರು. ಸುತ್ತ ನಾವೆಲ್ಲ ಇದ್ದೆವು. ಅಕ್ಕನ ಕಿವಿ ಕೆಂಪಾಗಿತ್ತು, ಆದರೂ ಎದ್ದು ಹೋಗಲಿಲ್ಲ.

"ಎಲ್ಲಾರಿಗೂ ಏನ್ ಕೊಡ್ತೀಯೋ ಅದನ್ನೇ ನಂಗೂ ಕೊಡು" ಎಂದರು.

ಮೇಷ್ಟ್ರು ಒದ್ದೆ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತು ಸೇಬನ್ನು ಹೆಚ್ಚಿದರು. ಸಿಪ್ಪೆ ತೆಗೆದು ಹೆಚ್ಚಿದರು. ಅಕ್ಕ ಒಂದು ಹೋಳನ್ನು ಬಾಯಿಗಿಟ್ಟು ಅಗಿದರು. ಎರಡನೆಯ ಸಲ ಅಗಿಯುವಾಗ ಮುಖ ಕಿವುಚಿ ಎಡ ಕೆನ್ನೆಗೆ ಕೈ ಹಿಡಿದರು. ತಮ್ಮನ ಮುಖವನ್ನು ಒಮ್ಮೆ ನೋಡಿದರು.

"ಇಲ್ಲಿ ಚುಚ್ಚುತ್ತೆ ಕಣೋ. ಮೊದಲಿಂದಲೂ ಇಲ್ಲೇ."

"ನಾನು ನೋಡಿದಾಗಲೆಲ್ಲ ಅಲ್ಲಿ ಏನೂ ಇರ್ತಿರಲಿಲ್ವಲ್ಲ ಅಕ್ಕ."

"ನೀನು ನೋಡ್ತೀಯ ಅಂತ ಗೊತ್ತಾದ್ರೆ ನಾನು ಎರಡು ದಿನ ಮುಂಚೆನೇ ತೆಗೆದಿಟ್ಬಿಡ್ತಿದ್ದೆ. ಕೆಂಪು ಇಳಿದುಹೋಗೋದು."

ರೋಗಿಗಳು ವೈದ್ಯರಿಗೆ ಕಾಣಲೆಂದು ನೋವನ್ನು ದೊಡ್ಡದು ಮಾಡುವುದುಂಟು. ವೈದ್ಯನಿಗೆ ಕಾಣಬಾರದೆಂದು ಗಾಯವನ್ನು ವಾಸಿಮಾಡಿಕೊಂಡು ಬಂದ ರೋಗಿಯನ್ನು ನಾವು ಕಂಡದ್ದು ಅದೇ ಮೊದಲು. ಮೇಷ್ಟ್ರು ಬೆರಳಿಟ್ಟು ಹುಡುಕಿದರು. ಎಡಗಡೆ ಕೆಳದವಡೆಯಲ್ಲಿ, ವಸಡಿನ ಅಡಿಗೆ, ಮೂಳೆಯ ಅಂಚೊಂದು ಕೊಂಚ ಚೂಪಾಗಿತ್ತು. ಯಾವ ಸೆಟ್ಟು ಕಟ್ಟಿದರೂ ಅಗಿಯುವಾಗ ಅಲ್ಲೇ ಒತ್ತುವಂಥದು. ಬಾಯಿ ಬಿಟ್ಟು ಹೇಳಿದರೆ ಅರ್ಧ ಗಂಟೆಯಲ್ಲಿ ಸರಿಯಾಗುವಂಥದು. ಅವರು ಸೆಟ್ಟನ್ನು ತೆಗೆದುಕೊಂಡು, ಒತ್ತುವ ಜಾಗವನ್ನು ತೇಯಲು ಯಂತ್ರದ ಮುಂದೆ ಕೂತರು. ಕನ್ನಡಕ ಮಂಜಾಗಿ ಎರಡು ಸಲ ತೆಗೆದು ಒರೆಸಿಕೊಂಡರು. ನಾವು ಗೋಡೆ, ನೆಲ, ಕಿಟಕಿ ಎಂದು ಸಿಕ್ಕಿದ ಕಡೆ ನೋಡುತ್ತ ನಿಂತೆವು.

ಸಭಾಂಗಣದಿಂದ ಕರೆ ಬಂತು. ಪ್ರಾಂಶುಪಾಲರು ಬಂದು ಕಾಯುತ್ತಿದ್ದರು. "ಅಕ್ಕ ಊಟ ಮಾಡ್ತಿದ್ದಾಳೆ ಅಂತ ಹೇಳಿ" ಎಂದರು ಮೇಷ್ಟ್ರು, ತಲೆ ಎತ್ತದೆ.

ಅಕ್ಕ ಮತ್ತೆ ಹಲ್ಲು ಹಾಕಿಕೊಂಡು ಇನ್ನೊಂದು ಹೋಳು ಅಗಿದರು. "ಈಗ?" ಎಂದು ಕೇಳಿದರು ಮೇಷ್ಟ್ರು. ನಾವೆಲ್ಲ ಚೆನ್ನಾಗಿದೆ ಎಂಬ ಆ ಹಳೆಯ ಉತ್ತರವನ್ನೇ ನಿರೀಕ್ಷಿಸುತ್ತಿದ್ದೆವು.

"ಇನ್ನೊಂದ್ ಸ್ವಲ್ಪ ತೆಗಿಬೇಕು" ಎಂದರು ಅಕ್ಕ.

ಆ ಸಂಜೆ ಮೇಷ್ಟ್ರಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಅವರ ಗುಣಗಾನ ಮಾಡಿದರು. ಅದ್ಯಾವುದೂ ಈ ಮಾತಿನಷ್ಟು ಅವರ ಮುಖವನ್ನು ಅರಳಿಸಲಿಲ್ಲ ಎಂಬುದಕ್ಕೆ ಇಡೀ ವಿಭಾಗವೇ ಸಾಕ್ಷಿ. ಅವರು ಇನ್ನೊಂದು ಸ್ವಲ್ಪ ತೆಗೆದರು, ಅಕ್ಕ ಹೇಳಿದರೆಂದು ಮತ್ತೂ ಒಂದು ಸ್ವಲ್ಪ ತೆಗೆದರು. ಆಮೇಲೆ ಅಕ್ಕ ಎಡಕ್ಕೂ ಬಲಕ್ಕೂ ಹೊರಳಿಸಿ, ಸದ್ದು ಕೇಳುವಂತೆ, ಸೇಬನ್ನು ಅಗಿದು ತಿಂದರು. ಕ್ಯಾರೆಟ್ಟಿನವರೆಗೂ ಕಾಯದೆ ಒಬ್ಬ ವಿದ್ಯಾರ್ಥಿನಿ ಬೀರುವಿನಿಂದ ಕನ್ನಡಿ ತಂದು ಮುಂದೆ ಹಿಡಿದಳು. ಅಕ್ಕ ಅದನ್ನು ಪಕ್ಕಕ್ಕೆ ಸರಿಸಿದರು. "ಕನ್ನಡಿ ಯಾಕಮ್ಮ ನಂಗೆ, ಇನ್ನೊಂದು ಹೋಳು ಕೊಡು."

ಈ ಸಂಪುಟ ಮೇಷ್ಟ್ರ ಕೈಸೇರುವ ಹೊತ್ತಿಗೆ ಅವರು ನಿವೃತ್ತಿಯ ಮೊದಲ ತಿಂಗಳುಗಳನ್ನು ಕಳೆದಿರುತ್ತಾರೆ. ಮೇಜು ಕಿಟಕಿಯ ಪಕ್ಕದಲ್ಲೇ ಇದೆ, ಇರುತ್ತದೆ. ವಾರಕ್ಕೊಮ್ಮೆ ತಮ್ಮ ಡಬ್ಬಿಯೊಡನೆ ಬಂದು ಕೂರುವುದಾಗಿ ಅವರು ಮಾತು ಕೊಟ್ಟಿದ್ದಾರೆ, ನಾವು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ. ಅವರಿಗೆ ದೀರ್ಘಾಯುಸ್ಸೂ ಆರೋಗ್ಯವೂ ಸಮೃದ್ಧವಾಗಿರಲಿ. ಆ ಕೈಗಳು ಇನ್ನೂ ಬಹುಕಾಲ ಹಿರಿಯರ ಬಾಯಿಗೆ ರುಚಿಯನ್ನು ಮರಳಿಸುತ್ತಿರಲಿ. ಎಲ್ಲಿ ಚುಚ್ಚುತ್ತದೆಂದು ಸಂಕೋಚವಿಲ್ಲದೆ ಹೇಳುವ ರೋಗಿಗಳು ಅವರಿಗೆ ಸಾಲುಸಾಲಾಗಿ ಸಿಗುತ್ತಿರಲಿ ಎಂದು ಶಿಷ್ಯರೆಲ್ಲರ ಪರವಾಗಿ ಹಾರೈಸಲಾಗಿದೆ.

ಭಾನುವಾರಗಳಂದು ಅವರು ಅಕ್ಕನ ಮನೆಗೆ ಊಟಕ್ಕೆ ಹೋಗುವುದು ನಿಂತಿಲ್ಲ. ಈಗ ಅಲ್ಲಿ ಮೊದಲು ಕೂರುವವರು ಅಕ್ಕ, ಬಡಿಸುವವರು ಮೇಷ್ಟ್ರು. ಕಳೆದ ವಾರ ಅಕ್ಕನ ತಟ್ಟೆ ತಮ್ಮನ ತಟ್ಟೆಗಿಂತ ತಡವಾಗಿ ಖಾಲಿಯಾಯಿತಂತೆ.